ವೃತ್ತಿಜೀವನದಲ್ಲಿ ಸ್ಮಾರ್ಟ್‌ವಾಚ್

ಸ್ಮಾರ್ಟ್‌ವಾಚ್ ಎಂಬುದು ಸಾಮಾನ್ಯವಾಗಿ ಬ್ಲೂಟೂತ್ ಮೂಲಕ ಮೊಬೈಲ್ ಫೋನಿನೊಡನೆ ಜೋಡಣೆಗೊಂಡು ಕಾರ್ಯನಿರ್ವಹಿಸುವ, ಮಣಿಕಟ್ಟಿಗೆ ಧರಿಸುವ ಗಣಕ ಸಾಧನ. ಕರ್ನಾಟಕಕ್ಕೆ ಕೈಗಡಿಯಾರ ತಯಾರಿಕೆ ಹೊಸದಲ್ಲ. ಎಚ್‌ಎಂಟಿ ತನ್ನ ಗಡಿಯಾರ ಕಾರ್ಖಾನೆಯನ್ನು 1961ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿತು. ಅದೇ ನಗರದಲ್ಲಿ ಪ್ರಧಾನ ಕಚೇರಿಯುಳ್ಳ ಟೈಟಾನ್, ಎಚ್‌ಪಿ ಸಹಯೋಗದಲ್ಲಿ 'ಜಕ್ಸ್ಟ್' ಎಂಬ ಸ್ಮಾರ್ಟ್‌ವಾಚನ್ನು 2016ರಲ್ಲಿ ಬಿಡುಗಡೆ ಮಾಡಿತು.

ಕರೆ ಮಾಡಿದವರು ಯಾರು, ಸಂದೇಶ ತುರ್ತಿನದೇ ಎಂಬುದನ್ನು ಫೋನನ್ನು ಕೈಗೆತ್ತಿಕೊಳ್ಳದೆ ಅರಿಯಬಹುದಾದುದು ಇದರ ಮುಖ್ಯ ಉಪಯೋಗ. ಹೊನ್ನಾವರದ ಬಳಿ ಶರಾವತಿಯ ಅಳಿವೆಯಲ್ಲಿರುವ ಕಾಸರಕೋಡು ಬಂದರಿನಂತಹ ಕಡೆ, ಕೈ ಒದ್ದೆಯಾಗಿಯೇ ಇರುವ ಮೀನು ವ್ಯಾಪಾರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಒದ್ದೆ ಬೆರಳಿಗೆ ಸ್ಪರ್ಶಪರದೆ ಸರಿಯಾಗಿ ಸ್ಪಂದಿಸದು. ಉಪ್ಪುನೀರು ತಗುಲಿದ ಗಡಿಯಾರವನ್ನು, ಅದು ಜಲನಿರೋಧಕವಾಗಿದ್ದರೂ, ಸಿಹಿನೀರಿನಲ್ಲಿ ತೊಳೆಯಬೇಕಾಗುತ್ತದೆ. ಜಿಪಿಎಸ್ ಅಳವಡಿಸಿದ ಮಾದರಿಗಳು ಘಟ್ಟದ ದಾರಿಯಲ್ಲಿ ಮೊಬೈಲ್ ಸಂಕೇತ ಕಡಿದುಹೋದಾಗಲೂ ಸ್ಥಳವನ್ನು ಗುರುತಿಸಬಲ್ಲವು, ಸಂದೇಶಗಳು ಮಾತ್ರ ಬರುವುದಿಲ್ಲ.

ಕನ್ನಡ ಲಿಪಿಯ ಬೆಂಬಲವಿಲ್ಲದ ಅಗ್ಗದ ಮಾದರಿಗಳಲ್ಲಿ ಕನ್ನಡ ಸಂದೇಶಗಳು ಖಾಲಿ ಚೌಕಗಳಾಗಿ ಕಾಣುತ್ತವೆ. ಸ್ಥಳೀಯ ಗ್ರಾಹಕರೊಡನೆ ವ್ಯವಹರಿಸುವವರಿಗೆ ಇದು ನಿಜವಾದ ಕೊರತೆ, ಕೊಳ್ಳುವ ಮುನ್ನವೇ ಪರೀಕ್ಷಿಸತಕ್ಕದ್ದು. ಹೆಚ್ಚು ಸೌಲಭ್ಯಗಳುಳ್ಳ ಹಲವು ಮಾದರಿಗಳನ್ನು ಒಂದೆರಡು ದಿನಗಳಿಗೊಮ್ಮೆ ಚಾರ್ಜ್ ಮಾಡಬೇಕು. ಹಸಿರು ಬೆಳಕಿನ ಸಂವೇದಕವು ನೀಡುವ ನಾಡಿಮಿಡಿತದ ಲೆಕ್ಕವು ವೈದ್ಯಕೀಯ ತಪಾಸಣೆಗೆ ಬದಲಿಯಲ್ಲ.

ಸಭೆಯಲ್ಲಿ ಇನ್ನೊಂದು ತೊಡಕಿದೆ. ಮಾತಿನ ನಡುವೆ ಗಡಿಯಾರ ನೋಡುವುದನ್ನು ಹೊರಡುವ ಆತುರವೆಂದು ಎದುರಿನವರು ಭಾವಿಸುವುದುಂಟು. ನೋಡಿದ್ದು ಸಂದೇಶವನ್ನು ಎಂಬುದು ಅವರಿಗೆ ತಿಳಿಯದು. ಆದ್ದರಿಂದ ಹಲವರು ಸಭೆಯ ವೇಳೆಗೆ ಆಯ್ದ ಕೆಲವರ ಕರೆಗಳನ್ನಷ್ಟೇ ಉಳಿಸಿಕೊಂಡು ಉಳಿದ ಸೂಚನೆಗಳನ್ನು ಸ್ಥಗಿತಗೊಳಿಸುತ್ತಾರೆ.