ಹಲ್ಲುನೋವೆಂದು ಹೇಳಲಾರದವರ ಬಾಯೊಳಗೆ

ಎರಡು ದಿನದಿಂದ ಮುದ್ದೆ ಮುಟ್ಟಿಲ್ಲ. ರಾತ್ರಿ ಎದ್ದು ಕೂರುತ್ತಾನೆ. ಹತ್ತಿರ ಹೋದವರನ್ನು ತಳ್ಳುತ್ತಾನೆ, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾನೆ. ಬೌದ್ಧಿಕ ವಿಕಲತೆ ಇರುವ ಮಗ ಹೀಗೆ ಮಾಡತೊಡಗಿದರೆ ಮನೆಯವರು ಹಠ ಹೆಚ್ಚಾಯಿತು ಎಂದುಕೊಳ್ಳುತ್ತಾರೆ, ನೆರೆಯವರು ಅಮಾವಾಸ್ಯೆ ಹತ್ತಿರ ಬಂತು ಎನ್ನುತ್ತಾರೆ. ಎಷ್ಟೋ ಸಲ ವೈದ್ಯರೂ ನಿದ್ದೆ ಬರಿಸುವ ಮಾತ್ರೆಯನ್ನೇ ಬರೆಯುತ್ತಾರೆ. ಬಾಯಿ ತೆರೆಸಿ ಟಾರ್ಚ್ ಹಿಡಿದು ನೋಡಿದ್ದರೆ ಹಿಂದಿನ ದವಡೆಯಲ್ಲಿ ಕೀವು ತುಂಬಿದ ಹುಳುಕುಹಲ್ಲೊಂದು ಕಾಣುವ ಸಾಧ್ಯತೆ ದೊಡ್ಡದು. ನೋವನ್ನು ಮಾತಿನಲ್ಲಿ ಹೇಳಲಾರದವರು ಅದನ್ನು ನಡವಳಿಕೆಯಲ್ಲಿ ತೋರಿಸುತ್ತಾರೆ. ಆ ನಡವಳಿಕೆಯನ್ನು ವಿಕಲತೆಯ ಲೆಕ್ಕಕ್ಕೆ ಬರೆದುಬಿಡುವುದರಿಂದಲೇ ಹಲ್ಲು ತಿಂಗಳುಗಟ್ಟಲೆ ಕೊಳೆಯುತ್ತದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಬೌದ್ಧಿಕ ವಿಕಲತೆ ಇರುವವರು ಸುಮಾರು 94 ಸಾವಿರ. ಇವರಲ್ಲಿ ಬಹಳ ಮಂದಿ ಇರುವುದು ಹಳ್ಳಿಗಳಲ್ಲಿ.

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ನೋಡಿ. ಕಾವೇರಿ ದಡದ ಈ ಊರು ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ ಅವರಂಥ ವಿದ್ವಾಂಸರಿಂದಾಗಿ ನಾಡಿಗೆಲ್ಲ ಸಂಗೀತಗ್ರಾಮವೆಂದೇ ಪರಿಚಿತ. ಇಲ್ಲಿನ ಒಬ್ಬ ಇಪ್ಪತ್ತೈದರ ಯುವಕನಿಗೆ ಹಲ್ಲುನೋವು ಎಂದುಕೊಳ್ಳೋಣ. ಸುಲಭದ ಹುಳುಕಾದರೆ ಅರಕಲಗೂಡಿನಲ್ಲೇ ತೋರಿಸಬಹುದು. ಆದರೆ ಆತ ಕುರ್ಚಿಯಲ್ಲಿ ಕೂರುವುದಿಲ್ಲ, ಬಾಯಿ ತೆರೆಯುವುದಿಲ್ಲ, ಯಂತ್ರದ ಸದ್ದಿಗೆ ಬೆಚ್ಚುತ್ತಾನೆ. ಅರಿವಳಿಕೆ ಕೊಟ್ಟೇ ಚಿಕಿತ್ಸೆ ಮಾಡಬೇಕಾದರೆ ಹಾಸನದ ದಾರಿ ಹಿಡಿಯಬೇಕು. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜೂ ಇದೆ. ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆಯವರಿಗೂ ಹತ್ತಿರದ ದೊಡ್ಡ ಊರು ಅದೇ. ತುಂಬಿದ ಬಸ್ಸಿನಲ್ಲಿ ಕೂಗುವ ಮಗನನ್ನು ಹಿಡಿದುಕೊಂಡು, ಎಲ್ಲರ ನೋಟ ಎದುರಿಸಿ, ಒಂದು ದಿನದ ಕೂಲಿ ಬಿಟ್ಟು ಅಪ್ಪ ಅಮ್ಮ ಇಬ್ಬರೂ ಹೊರಡಬೇಕು. ಮೊದಲ ದಿನ ಬರೀ ಪರೀಕ್ಷೆ, ಎರಡನೆಯ ಸಲ ರಕ್ತಪರೀಕ್ಷೆ, ಮೂರನೆಯ ಸಲ ಚಿಕಿತ್ಸೆ ಎಂದಾದರೆ ಎಷ್ಟು ಕುಟುಂಬಗಳು ಕೊನೆಯವರೆಗೆ ಬಂದಾವು? ಕಡೆಗೆ ಉಳಿಯುವುದು ನೋವಿನ ಮಾತ್ರೆ, ಇಲ್ಲವೇ ಹಲ್ಲು ಕೀಳಿಸುವುದು. ಬೇರೆಯವರಿಗಾದರೆ ಸಿಮೆಂಟು ತುಂಬಿ ಉಳಿಸುವಂಥ ಹಲ್ಲನ್ನು ಇವರಿಗೆ ಕಿತ್ತೇ ಬಿಡುವುದು ಹಲವು ದೇಶಗಳಲ್ಲಿ ಕಂಡುಬಂದಿರುವ ಸಂಗತಿ.

ಇವರ ಬಾಯಿಗೆ ಕಾಯಿಲೆ ಹೆಚ್ಚು ತಗಲುವುದಕ್ಕೆ ಕಾರಣಗಳು ಸ್ಪಷ್ಟವಾಗಿಯೇ ಇವೆ. ಡೌನ್ ಸಿಂಡ್ರೋಮ್ ಇರುವವರಲ್ಲಿ ಹಲ್ಲು ತಡವಾಗಿ ಹುಟ್ಟುತ್ತದೆ, ಕೆಲವು ಹುಟ್ಟುವುದೇ ಇಲ್ಲ. ಹುಳುಕು ಅಷ್ಟಾಗಿ ಕಾಣದಿದ್ದರೂ ವಸಡಿನ ರೋಗ ಚಿಕ್ಕ ವಯಸ್ಸಿಗೇ ಬಂದು ಗಟ್ಟಿ ಹಲ್ಲುಗಳೂ ಅಲ್ಲಾಡತೊಡಗುತ್ತವೆ. ಇವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುವುದರಿಂದ, ಕೆಲವರಿಗೆ ಹಲ್ಲು ಕೀಳುವ ಮೊದಲು ಆಂಟಿಬಯಾಟಿಕ್ ಕೊಡಲೇಬೇಕು. ಫಿಟ್ಸ್ ಬರುವವರಿಗೆ ಕೊಡುವ ಫೆನಿಟಾಯಿನ್ ಮಾತ್ರೆ ಹಲವರಲ್ಲಿ ವಸಡನ್ನು ಉಬ್ಬಿಸಿ ಹಲ್ಲಿನ ಮೇಲೆ ಬೆಳೆಸುತ್ತದೆ. ಸಿಹಿ ಸಿರಪ್ಪಿನ ಔಷಧಿ ವರ್ಷಗಟ್ಟಲೆ ಬಾಯೊಳಗೆ ಅಂಟುತ್ತದೆ. ಅಗಿಯಲು ಬಾರದವರ ಕೆನ್ನೆಯ ಸಂದಿಯಲ್ಲಿ ಅನ್ನ ಗಂಟೆಗಟ್ಟಲೆ ಉಳಿಯುತ್ತದೆ. ಇಷ್ಟರ ಮೇಲೆ, ಅಳು ನಿಲ್ಲಿಸಲು ಕೈಗೊಂದು ಬಿಸ್ಕತ್ತು. ಇದಕ್ಕೆ ತಾಯಂದಿರನ್ನು ದೂರುವುದು ಅನ್ಯಾಯ. ಇಡೀ ದಿನ ಒಬ್ಬಳೇ ನೋಡಿಕೊಳ್ಳುವವಳಿಗೆ ಬೇರೆ ದಾರಿ ತೋರಿಸಿದವರು ಯಾರು?

ಊಟದ ನಡುನಡುವೆ ಅಂಟುವ ಸಿಹಿ ತಿಂದರೆ ಹಲ್ಲು ಹಾಳು ಎಂದು ಇಂದು ಎಲ್ಲರೂ ಮಕ್ಕಳಿಗೆ ಹೇಳುತ್ತಾರೆ. ಈ ಮಾತಿಗೆ ಗಟ್ಟಿ ಆಧಾರ ಸಿಕ್ಕಿದ್ದು ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ. ಅಲ್ಲಿ ಇರಿಸಿದ್ದವರು ತೀವ್ರ ಬೌದ್ಧಿಕ ವಿಕಲತೆ ಇದ್ದ ನೂರಾರು ಜನ. 1940ರ ದಶಕದಲ್ಲಿ ಅವರನ್ನು ಗುಂಪುಗಳಾಗಿ ವಿಂಗಡಿಸಿ ಬೇರೆ ಬೇರೆ ಬಗೆಯಲ್ಲಿ ಸಕ್ಕರೆ ತಿನ್ನಿಸಿದರು. ಒಂದು ಗುಂಪಿಗೆ ದಿನಕ್ಕೆ 24 ಟಾಫಿ. ಹಲ್ಲು ಎಷ್ಟು ಬೇಗ ಹುಳುಕಾಗುತ್ತದೆ ಎಂದು ಅಳೆದು 1954ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಹಲ್ಲುಗಳನ್ನು ಹಾಳುಮಾಡಿ ಕಲಿತ ಪಾಠ ಅದು. ಅದರಿಂದ ಲೋಕದ ಮಕ್ಕಳ ಹಲ್ಲು ಉಳಿಯಿತು. ಅಂಥವರ ಹಲ್ಲನ್ನು ನೋಡಲು ಮಾತ್ರ ದಂತವೈದ್ಯರಿಗೆ ಇಂದಿಗೂ ಬಿಡುವಿಲ್ಲವೆಂದರೆ ಅದು ತೀರಿಸದ ಸಾಲ.

ಚಿಕಿತ್ಸೆಯ ವಿಧಾನಗಳೇನೋ ಇವೆ, ಹೆಚ್ಚಿನವು ದುಬಾರಿಯೂ ಅಲ್ಲ. ಮೊದಲ ಭೇಟಿಯಲ್ಲಿ ಬರೀ ಕುರ್ಚಿಯ ಪರಿಚಯ. ಕನ್ನಡಿಯನ್ನು ಮೊದಲು ಕೈಗೆ ಕೊಟ್ಟು, ಆಮೇಲೆ ತೋರಿಸಿ, ಕಡೆಗೆ ಬಾಯಿಗೆ ಹಾಕುವುದು. ಕೊರೆಯುವ ಯಂತ್ರವೇ ಇಲ್ಲದೆ, ಕೈಯುಪಕರಣದಿಂದ ಹುಳುಕು ಕೆರೆದು ಸಿಮೆಂಟು ತುಂಬುವ ಕ್ರಮ 1980ರ ದಶಕದಲ್ಲಿ ಟಾಂಜಾನಿಯಾದ ಹಳ್ಳಿಗಳಲ್ಲಿ ರೂಪುಗೊಂಡಿತು. ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಸಣ್ಣ ಕುಂಚದಿಂದ ಹಚ್ಚಿದರೆ ಹುಳುಕು ಅಲ್ಲಿಗೇ ನಿಲ್ಲುವ ಸಾಧ್ಯತೆ ಹೆಚ್ಚು. ಹಚ್ಚಿದ ಜಾಗ ಕಪ್ಪಾಗುತ್ತದೆ, ಅಷ್ಟೇ. ಫ್ಲೋರೈಡ್ ಪೇಸ್ಟಿನ ಜತೆಗೆ ಇದನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಇವುಗಳಲ್ಲಿ ಯಾವುದನ್ನೂ ತಾಲ್ಲೂಕು ಆಸ್ಪತ್ರೆಯಲ್ಲಿ ಮಾಡಲಾಗದು ಎನ್ನುವಂತಿಲ್ಲ. ಇದಾವುದಕ್ಕೂ ಬಗ್ಗದಿದ್ದರೆ ಮಾತ್ರ ಪೂರ್ಣ ಅರಿವಳಿಕೆ, ಒಂದೇ ಸಲಕ್ಕೆ ಎಲ್ಲ ಹಲ್ಲಿನ ಕೆಲಸ.

ಕೊರತೆ ಇರುವುದು ತರಬೇತಿಯಲ್ಲಿ. ಬ್ರಿಟನ್ನಿನಲ್ಲಿ ಇಂಥವರ ದಂತಚಿಕಿತ್ಸೆ 2008ರಿಂದ ಪ್ರತ್ಯೇಕ ತಜ್ಞ ವಿಭಾಗ. ನಮ್ಮಲ್ಲಿ ಮಕ್ಕಳ ದಂತವೈದ್ಯ ವಿಭಾಗವೇ ಇದನ್ನೂ ಹೊರುತ್ತಿದೆ. ನಲವತ್ತು ವಯಸ್ಸಿನವರೂ ಅಲ್ಲೇ ಹೋಗಬೇಕು. ಸರ್ಕಾರದ ಕಣ್ಣೂ ವಯಸ್ಸಿನ ಎರಡು ತುದಿಗಳ ಮೇಲಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬಂದು ಹಲ್ಲನ್ನೂ ನೋಡುತ್ತದೆ, ಆದರೆ ಹದಿನೆಂಟು ತುಂಬಿದರೆ ಮುಗಿಯಿತು. ದಂತಭಾಗ್ಯ ಯೋಜನೆ ಬಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡಲೆಂದು ಬಂದದ್ದು. ನಡುವಿನ ವಯಸ್ಸಿನವರನ್ನು ಮನೆಗೇ ಬಂದು ನೋಡುವವರಿಲ್ಲ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಗೂ ಆಶಾ ಕಾರ್ಯಕರ್ತೆಯರಿಗೂ ಮನೆಮನೆಯ ಪರಿಚಯ ಇದೆ. ಪಿಂಚಣಿ, ಗುರುತಿನ ಚೀಟಿಯ ಕಾಗದ ನೋಡುವಾಗ ಜತೆಗೆ ಬಾಯನ್ನೂ ನೋಡುವುದನ್ನು ಇವರಿಗೆ ಕಲಿಸಿದರೆ ಎಷ್ಟೋ ಹಲ್ಲು ಕೊಳೆಯುವ ಮೊದಲೇ ಸಿಕ್ಕೀತು.

ಮನೆಯಲ್ಲಿ ಹಲ್ಲುಜ್ಜಿಸುವುದಕ್ಕೂ ಒಂದು ಕ್ರಮವಿದೆ. ಎದುರು ನಿಂತು ಬಾಯಿ ತೆರೆಸಲು ಹೆಣಗುವ ಬದಲು ಹಿಂದೆ ನಿಂತು, ತಲೆಯನ್ನು ಎದೆಗೆ ಒರಗಿಸಿಕೊಂಡು ಉಜ್ಜಿದರೆ ಸುಲಭ. ತಾನೇ ಉಜ್ಜಿಕೊಳ್ಳುವವರಿಗೆ ಬ್ರಷ್ಷಿನ ಹಿಡಿಗೆ ಬಟ್ಟೆಯನ್ನೋ ಹಳೆಯ ಸೈಕಲ್ ಟ್ಯೂಬನ್ನೋ ಸುತ್ತಿ ದಪ್ಪ ಮಾಡಿಕೊಡಬೇಕು. ಉಗುಳಲು ಬಾರದವರಿಗೆ ಪೇಸ್ಟು ಬಟಾಣಿ ಕಾಳಿಗಿಂತ ಹೆಚ್ಚು ಬೇಡ. ರಾತ್ರಿ ಔಷಧಿ ಕುಡಿಸಿದ ಮೇಲೆ ಉಜ್ಜಿಸಬೇಕು, ಮೊದಲಲ್ಲ.

ಇನ್ನು ಆಸ್ಪತ್ರೆಯಲ್ಲಿ ಕೇಳಬಹುದಾದದ್ದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 25ನೆಯ ಕಲಮು ಮೂರು ಮಾತು ಹೇಳುತ್ತದೆ: ಸರ್ಕಾರ ನಿಗದಿ ಮಾಡುವ ಆದಾಯದ ಮಿತಿಯೊಳಗಿನವರಿಗೆ, ವಿಶೇಷವಾಗಿ ಹಳ್ಳಿಗಾಡಿನಲ್ಲಿ, ಹತ್ತಿರದಲ್ಲೇ ಉಚಿತ ಚಿಕಿತ್ಸೆ, ಸರ್ಕಾರಿ, ಖಾಸಗಿ ಆಸ್ಪತ್ರೆ ಎರಡರಲ್ಲೂ ಅಡ್ಡಿಯಿಲ್ಲದ ಪ್ರವೇಶ, ಮತ್ತು ನೋಡುವಾಗ ಆದ್ಯತೆ. ಹಾಗಾಗಿ, ನನ್ನ ಮಗ ಸಾಲಿನಲ್ಲಿ ಕಾಯಲಾರ, ಮೊದಲು ನೋಡಿ ಎಂದು ತಾಯಿ ಕೇಳುವುದು ದಯೆ ಬೇಡಿದಂತಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಇದ್ದು, ಅದರಲ್ಲಿ ಹಲ್ಲಿನ ಆರೈಕೆಗೂ ಒಂದಿಷ್ಟು ಪಾಲಿದೆ. ಹೊರಡುವಾಗ ಗುರುತಿನ ಚೀಟಿಯ ಜತೆಗೆ ದಿನವೂ ನುಂಗುವ ಮಾತ್ರೆಗಳ ಹಾಳೆ, ಹೃದಯದ ತೊಂದರೆ ಇದ್ದರೆ ಅದರ ವರದಿ, ಫಿಟ್ಸ್ ಕೊನೆಯ ಸಲ ಬಂದ ದಿನ, ಇಷ್ಟನ್ನೂ ಒಂದು ಚೀಲದಲ್ಲಿ ಇಟ್ಟುಕೊಂಡರೆ ಬರಿಗೈಲಿ ವಾಪಸ್ಸಾಗುವ ಒಂದು ಸುತ್ತಾದರೂ ತಪ್ಪುತ್ತದೆ.