ಅಳಿಸಿದ ಫೋಲ್ಡರಿಗೆ ಹೋಮ್ ಗತಿಯಾದ ಕಥೆ

ಲಿನಕ್ಸ್ ಕಂಪ್ಯೂಟರಿನಲ್ಲಿ ಡೆಸ್ಕ್‌ಟಾಪ್ ಫೋಲ್ಡರನ್ನೇ ಅಳಿಸಿ, ಲಾಗ್ ಔಟ್ ಆಗಿ ಮತ್ತೆ ಒಳಗೆ ಬನ್ನಿ. ಪರದೆಯ ಮೇಲೆ ಐಕಾನ್ ತೋರಿಸುವ ವ್ಯವಸ್ಥೆಯಾದರೆ, ಬಳಕೆದಾರನ ಸ್ವಂತ ಫೋಲ್ಡರಾದ ಹೋಮ್‌ನಲ್ಲಿದ್ದ ಕಡತಗಳೆಲ್ಲ ಪರದೆಗೆ ಬಂದು ಕೂತಿರುತ್ತವೆ. ಬೆಳಗಾವಿಯ ಇಂಜಿನಿಯರಿಂಗ್ ಹುಡುಗರ ಲ್ಯಾಪ್‌ಟಾಪಿನಲ್ಲಿ ಇದನ್ನು ಕಂಡು, ಈ ನಿಯಮ ಯಾರದೆಂದು ಹುಡುಕುತ್ತ ಹೋದೆ.

ಹಳೆಯ ಯುನಿಕ್ಸಿನಲ್ಲಿ ಹೋಮ್ ಒಳಗೆ ಇಂಥದೇ ಫೋಲ್ಡರ್ ಇರಬೇಕೆಂಬ ಕಟ್ಟಳೆ ಇರಲಿಲ್ಲ. 2003ರ ಸುಮಾರಿಗೆ ಫ್ರೀಡೆಸ್ಕ್‌ಟಾಪ್ ಬಳಗ ಸೆಟ್ಟಿಂಗ್ ಕಡತಗಳಿಗೆ ಜಾಗ ಗೊತ್ತುಮಾಡಿತು. ಅಲ್ಲಿನ ನಿಯಮ ಸರಳ: ಬರೆಯುವಾಗ ಫೋಲ್ಡರ್ ಇಲ್ಲದಿದ್ದರೆ, ಮಾಲೀಕನೊಬ್ಬನೇ ತೆರೆಯಲು ಸಾಧ್ಯವಾಗುವಂತೆ ಸೃಷ್ಟಿಸಿಕೊಳ್ಳಿ. 2007ರಲ್ಲಿ ರೆಡ್ ಹ್ಯಾಟ್‌ನ ಅಲೆಕ್ಸಾಂಡರ್ ಲಾರ್ಸನ್ ‘ಎಕ್ಸ್‌ಡಿಜಿ-ಯೂಸರ್-ಡಿರ್ಸ್’ ಎಂಬ ಪ್ರೋಗ್ರಾಂ ಬರೆದಾಗ ಮಾತ್ರ ನಿಯಮ ತಿರುಗಿತು. ಡೆಸ್ಕ್‌ಟಾಪ್, ಡೌನ್‌ಲೋಡ್, ಸಂಗೀತ, ಚಿತ್ರ ಹೀಗೆ ಹಲವು ಫೋಲ್ಡರುಗಳನ್ನು ಮೊದಲ ಲಾಗಿನ್‌ನಲ್ಲಿ ಅದು ಬಳಕೆದಾರನ ಭಾಷೆಯಲ್ಲೇ ಹುಟ್ಟಿಸುತ್ತದೆ. ಮುಂದೆ ಒಂದು ಕಾಣೆಯಾದರೆ ಮತ್ತೆ ಹುಟ್ಟಿಸುವುದಿಲ್ಲ. ಅದರ ವಿಳಾಸವನ್ನು ಹೋಮ್‌ಗೆ ತಿರುಗಿಸಿ ಬರೆದಿಡುತ್ತದೆ. ಬೇಡವೆಂದು ತೆಗೆದದ್ದು ಪ್ರತಿ ಲಾಗಿನ್‌ಗೂ ಮರಳಿ ಬರಬಾರದು ಎಂಬ ಮರ್ಯಾದೆ ಅದರಲ್ಲಿದೆ. ಅದನ್ನು ನಾನು ಒಪ್ಪುತ್ತೇನೆ.

ಆದರೆ ಅಳಿಸಿದ್ದಕ್ಕೂ ಇನ್ನೂ ಬಾರದ್ದಕ್ಕೂ ವ್ಯತ್ಯಾಸ ಅದಕ್ಕೆ ಗೊತ್ತಾಗುವುದಿಲ್ಲ. ವಿಂಡೋಸ್ ಜೊತೆಗೆ ಲಿನಕ್ಸ್ ಹಾಕಿಕೊಂಡ ಹುಡುಗ ಡಾಕ್ಯುಮೆಂಟ್ಸನ್ನು ಬೇರೆ ಪಾರ್ಟಿಷನ್ನಿಗೆ ತೋರಿಸಿರುತ್ತಾನೆ. ಲಾಗಿನ್ ಹೊತ್ತಿಗೆ ಆ ಪಾರ್ಟಿಷನ್ ಮೌಂಟ್ ಆಗಿರದಿದ್ದರೆ ವಿಳಾಸ ಕಾಯಂ ಬದಲಾಗುತ್ತದೆ. ನಾಳೆ ಪಾರ್ಟಿಷನ್ ಬಂದರೂ ಹಳೆಯ ವಿಳಾಸ ಬರುವುದಿಲ್ಲ. ಪಾರ್ಟಿಷನ್ ಇಲ್ಲದ ಹೊತ್ತಿಗಷ್ಟೇ ಅದು ಹೋಮ್ ಬಳಸಲಿ, ಬರೆದಿಟ್ಟ ಸಾಲನ್ನು ಮುಟ್ಟದಿರಲಿ. ಕೇಳದೆ ಅಳಿಸುವ ಹಕ್ಕು ಯಂತ್ರಕ್ಕಿಲ್ಲ.

ಖಾನಾಪುರದ ಕಡೆ ಇನ್ನೊಂದು ತೊಡಕಿದೆ. ಕನ್ನಡ, ಮರಾಠಿ ಎರಡೂ ಶಾಲೆಗಳಿರುವ ತಾಲ್ಲೂಕಿದು. ಕನ್ನಡದಲ್ಲಿದ್ದ ಕಂಪ್ಯೂಟರನ್ನು ಮರಾಠಿಗೆ ತಿರುಗಿಸಿದರೆ, ಫೋಲ್ಡರುಗಳ ಹೆಸರನ್ನೂ ಬದಲಿಸಲೇ ಎಂದು ಲಿನಕ್ಸಿನ ಡೆಸ್ಕ್‌ಟಾಪ್ ವ್ಯವಸ್ಥೆಯಾದ ಗ್ನೋಮ್ ಕೇಳುತ್ತದೆ. ಹೌದೆಂದರೆ ಮರಾಠಿ ಹೆಸರಿನ ಖಾಲಿ ಫೋಲ್ಡರುಗಳು ಬರುತ್ತವೆ. ಒಳಗಿದ್ದ ಕಡತಗಳು ಹಳೆಯ ಕನ್ನಡ ಫೋಲ್ಡರಿನಲ್ಲೇ ಉಳಿಯುತ್ತವೆ. ಆ ಎಚ್ಚರಿಕೆಯನ್ನು ಗ್ನೋಮ್ ಬರೆದಿರುತ್ತದೆ, ಆದರೆ ಅವಸರದಲ್ಲಿ ಓದುವವರಾರು? ಮಕ್ಕಳು ಚಿತ್ರಗಳೆಲ್ಲ ಹೋದವೆಂದೇ ತಿಳಿಯುತ್ತಾರೆ.

ವಿಂಡೋಸ್ ಮತ್ತು ಮ್ಯಾಕ್ ಇಲ್ಲಿ ಜಾಣತನ ತೋರಿವೆ. ಕಣ್ಣಿಗೆ ಕಾಣುವ ಹೆಸರಷ್ಟೇ ಭಾಷೆಗೆ ತಕ್ಕಂತೆ ಬದಲಾಗುತ್ತದೆ, ಡಿಸ್ಕಿನಲ್ಲಿನ ವಿಳಾಸ ಮಾತ್ರ ಹಾಗೇ ಇರುತ್ತದೆ. ಊರಿನ ಹೆಸರಿನಲ್ಲೂ ಹೀಗೇ ಆಯಿತು: 2014ರ ನವೆಂಬರ್ 1ರಂದು ಬೆಲ್ಗಾಂ ಬೆಳಗಾವಿಯಾಯಿತು. ಆದರೆ ಅದರ ರೈಲು ನಿಲ್ದಾಣದ ಬಿಜಿಎಂ ಸಂಕೇತ ಬದಲಾಗಲಿಲ್ಲ, ಟಿಕೆಟ್ ಸಿಗದೆ ಯಾರೂ ನಿಲ್ಲಲಿಲ್ಲ. ಲಿನಕ್ಸ್ ಫೋಲ್ಡರಿಗೂ ಇಷ್ಟೇ ಸಾಕಿತ್ತು.

ಈಗ ಸಿಕ್ಕಿಬಿದ್ದವರು ಫೋಲ್ಡರನ್ನು ಮತ್ತೆ ಮಾಡಿ, ಹೋಮ್‌ನ ‘.ಕಾನ್ಫಿಗ್’ ಒಳಗಿನ ‘ಯೂಸರ್-ಡಿರ್ಸ್.ಡಿರ್ಸ್’ ಕಡತದಲ್ಲಿ ಆ ಫೋಲ್ಡರಿನ ಸಾಲು ತಿದ್ದಬೇಕು. ಪ್ರೋಗ್ರಾಂ ಬರೆಯುವವರು ‘ಡೆಸ್ಕ್‌ಟಾಪ್’ ಎಂಬ ಹೆಸರನ್ನೇ ನಂಬದೆ, ‘ಎಕ್ಸ್‌ಡಿಜಿ-ಯೂಸರ್-ಡಿರ್’ ಕಮಾಂಡನ್ನು ಕೇಳಿಯೇ ವಿಳಾಸ ಪಡೆಯಬೇಕು.