ಇಂಗ್ಲಿಷ್ ಪಾಠದಲ್ಲಿ ಜಾಹೀರಾತಿಗೂ ಜಾಗ
ಇಂದಿನ ಮಕ್ಕಳು ಓದುವುದು ಪಠ್ಯಪುಸ್ತಕಕ್ಕಿಂತ ಮೊಬೈಲಿನಲ್ಲೇ ಹೆಚ್ಚು. ಆದರೆ ಓದಿದ್ದನ್ನು ತೂಗಿ ನೋಡುವ ವಿದ್ಯೆ ತಾನಾಗಿ ಬರುವುದಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ 2016ರಲ್ಲಿ ಪ್ರಕಟಿಸಿದ ಅಧ್ಯಯನವೇ ಇದಕ್ಕೆ ಸಾಕ್ಷಿ. ‘ಪ್ರಾಯೋಜಿತ’ ಎಂದು ಬರೆದಿದ್ದ ಜಾಹೀರಾತನ್ನು ಅಲ್ಲಿನ ಮಾಧ್ಯಮಿಕ ಶಾಲೆಯ ಶೇ. 80ಕ್ಕೂ ಹೆಚ್ಚು ಮಕ್ಕಳು ನಿಜವಾದ ಸುದ್ದಿಯೆಂದೇ ನಂಬಿದ್ದರು.

ಕೆನಡಾದ ಒಂಟಾರಿಯೋ ಪ್ರಾಂತ್ಯ ಈ ವಿಚಾರದಲ್ಲಿ ಬಹಳ ಮೊದಲೇ ಎಚ್ಚೆತ್ತಿತ್ತು. 1987ರಲ್ಲೇ ಪ್ರೌಢಶಾಲೆಯ ಇಂಗ್ಲಿಷ್ ಪಠ್ಯಕ್ರಮದಲ್ಲಿ ಮಾಧ್ಯಮ ಸಾಕ್ಷರತೆಯನ್ನು ಕಡ್ಡಾಯಗೊಳಿಸಿ, 1989ರಲ್ಲಿ ಶಿಕ್ಷಕರಿಗೆ ಕೈಪಿಡಿಯನ್ನೂ ಒದಗಿಸಿತು. ಕ್ಯಾಲಿಫೋರ್ನಿಯಾದ 2023ರ ಕಾನೂನು ಕೂಡ ಇದನ್ನು ಪ್ರತ್ಯೇಕ ವಿಷಯವಾಗಿಸದೆ, ಇಂಗ್ಲಿಷ್, ಗಣಿತ, ವಿಜ್ಞಾನ, ಇತಿಹಾಸದ ಪಾಠಗಳಲ್ಲೇ ಸೇರಿಸಲು ಹೇಳಿದೆ.

ಭಾಷಾ ಶಿಕ್ಷಕರಿಗೇ ಈ ಹೊಣೆ ಏಕೆ? ಕಥೆ, ಕವಿತೆಗಳ ಪಾಠದಲ್ಲಿ ಅವರು ಕೇಳುವ ಪ್ರಶ್ನೆಗಳೇ ಇಲ್ಲಿಯೂ ಬೇಕು. ಹೇಳುತ್ತಿರುವವರು ಯಾರು? ಯಾರನ್ನು ಉದ್ದೇಶಿಸಿ? ಈ ಪದವನ್ನೇ ಏಕೆ ಆರಿಸಿದರು? ಹೇಳದೆ ಬಿಟ್ಟದ್ದೇನು? ಜಾಹೀರಾತಾದರೆ ಇನ್ನೊಂದು ಪ್ರಶ್ನೆ ಸೇರುತ್ತದೆ: ಇದರಿಂದ ಲಾಭ ಯಾರಿಗೆ? ಪ್ರಶ್ನಿಸುವುದೆಂದರೆ ಎಲ್ಲವನ್ನೂ ಸುಳ್ಳೆಂದು ತಳ್ಳಿಹಾಕುವುದಲ್ಲ. ನಂಬಲರ್ಹವಾದುದನ್ನು ಗುರುತಿಸಲೂ ಇದೇ ದಾರಿ.

ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ನಡುವೆ ಬೆಳೆಯುವ ಮುಂಬಯಿ ಕನ್ನಡಿಗರ ಮಕ್ಕಳಿಗೆ ಈ ಅಭ್ಯಾಸ ಇನ್ನೂ ಸುಲಭ. ಒಂದೇ ಸುದ್ದಿಗೆ ಎರಡು ಭಾಷೆಯ ಪತ್ರಿಕೆಗಳು ಕೊಟ್ಟ ಶೀರ್ಷಿಕೆಗಳನ್ನು ಹೋಲಿಸಿ ನೋಡಲು ಹೇಳಿದರೆ ಸಾಕು, ವ್ಯತ್ಯಾಸ ಅವರಿಗೇ ಕಾಣುತ್ತದೆ. ಶಾಲೆ ಕಲಿಸುವವರೆಗೆ ಕಾಯದೆ ಹೆತ್ತವರು ಮನೆಯಲ್ಲೇ ಇದನ್ನು ಆರಂಭಿಸಬಹುದು. ಆದರೆ ಬಂದ ಸಂದೇಶವನ್ನೆಲ್ಲ ಪರಿಶೀಲಿಸದೆ ಮುಂದಕ್ಕೆ ಕಳುಹಿಸುವ ಚಾಳಿಯನ್ನು ಮೊದಲು ಹಿರಿಯರು ಬಿಡಬೇಕು.